ಎರಡು ದಿನದ ಪಟ್ಟಿ

ಶನಿವಾರ ಸಂಜೆ ವೈಟ್‌ಫೀಲ್ಡಿನ ಎರಡು ದಿನದ ಸಂಗೀತ ಹಬ್ಬದ ಗೇಟಿನಲ್ಲಿದ್ದ ಹುಡುಗಿ ನನ್ನ ಬಲ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಸುತ್ತಿ, ಅದರ ಪ್ಲಾಸ್ಟಿಕ್ ಮಣಿಯನ್ನು ಚರ್ಮಕ್ಕೆ ತಾಗುವವರೆಗೆ ತಳ್ಳಿದಳು. "ನಾಳೆ ಮುಗಿಯೋವರೆಗೂ ತೆಗೀಬೇಡಿ ಮೇಡಂ. ಕಟ್ ಮಾಡಿದ್ರೆ ವ್ಯಾಲಿಡ್ ಇರಲ್ಲ" ಅಂದಳು. ನಾನು ತಲೆಯಾಡಿಸಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ನನಗೆ ಪಾಳಿ ಇರುವುದು ಗೊತ್ತಿತ್ತು. ಪಾಳಿಯಲ್ಲಿ ಮಣಿಕಟ್ಟಿನ ಮೇಲೆ ಏನೂ ಇರಬಾರದು ಎಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಿರಲಿಲ್ಲ, ಅಷ್ಟೆ.

ನಾನು ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಡ್ರಿಲ್ಲಿಂಗ್ ಮಷೀನ್ ನಡೆಸುತ್ತೇನೆ. ಪಂಪಿನ ಬಿಡಿಭಾಗಗಳಿಗೆ ತೂತು ಕೊರೆಯುವ ಕೆಲಸ. ಬಾಗಿಲಲ್ಲೇ ಬೋರ್ಡಿದೆ: ಉಂಗುರ, ಬಳೆ, ವಾಚು, ದಾರ, ಗ್ಲೌಸ್ ನಿಷೇಧ. ತಿರುಗುವ ಡ್ರಿಲ್ಲಿಗೆ ಒಂದು ಎಳೆ ಸಿಕ್ಕರೆ ಸಾಕು, ಕೈ ಅದರ ಹಿಂದೆ ಹೋಗುತ್ತದೆ. ಹಾಗಾಗಿ ಊರಿಂದ ದೇವರ ದಾರ ಕಟ್ಟಿಸಿಕೊಂಡು ಬಂದವರನ್ನೆಲ್ಲ ನಮ್ಮ ಸೂಪರ್‌ವೈಸರ್ ಲಕ್ಷ್ಮಣಪ್ಪ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅವರ ಜೇಬಿನಲ್ಲಿ ಒಂದು ಕತ್ತರಿ ಇರುತ್ತದೆ. ಕತ್ತರಿಸಿದ ದಾರವನ್ನು ಅವರು ಕಸಕ್ಕೆ ಹಾಕುವುದಿಲ್ಲ. ಕಂಪ್ರೆಸರ್ ಶೆಡ್ಡಿನ ಪಕ್ಕದ ಬೇವಿನ ಮರದ ಕೊಂಬೆಗೆ ತಾವೇ ಕಟ್ಟುತ್ತಾರೆ. ಕೆಂಪು, ಕಪ್ಪು, ಹಳದಿ ಎಲ್ಲ ಸೇರಿ ಆ ಕೊಂಬೆ ಈಗ ತೋಳಿನಷ್ಟು ದಪ್ಪ ಆಗಿದೆ.

ಭಾನುವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಆ ಹಬ್ಬದ ಚಿಕ್ಕ ವೇದಿಕೆಯಲ್ಲಿ 'ಒಣ ಕಸ' ನುಡಿಸುವುದಿತ್ತು. ನಾಲ್ಕು ಜನರ ಬ್ಯಾಂಡ್. ಅವರ ಮೊದಲ ಪ್ರದರ್ಶನ ನಾನು ನೋಡಿದ್ದು ಹೆಬ್ಬಗೋಡಿಯ ಒಂದು ಬೇಕರಿಯ ಮಹಡಿಯ ಮೇಲೆ. ಕೇಳುವವರು ಏಳು ಜನ. ಅದರಲ್ಲಿಬ್ಬರು ಟ್ಯಾಂಕಿನ ವಾಲ್ವ್ ತಿರುಗಿಸಲು ಬಂದವರು. ಆಮೇಲೆ ಬೆಳ್ಳಂದೂರಿನ ಟೆಕ್ ಪಾರ್ಕಿನ ಊಟದ ಅಂಗಳದಲ್ಲಿ ಕೇಳಿದೆ. ಕೊರಳಲ್ಲಿ ಕಾರ್ಡು ಹಾಕಿಕೊಂಡವರು ತಟ್ಟೆ ಹಿಡಿದು ನಿಂತಿದ್ದರು. ವೈಟ್‌ಫೀಲ್ಡಿನ ಒಂದು ಬಾರಿನಲ್ಲಿ ಕೇಳಿದೆ. ಎಲ್ಲರೂ ಬ್ಯಾಂಡಿನ ತಲೆಯ ಮೇಲಿದ್ದ ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಒಟ್ಟು ಇಪ್ಪತ್ತೆರಡು ಸಲ. ನನಗೊಂದು ನೋಟ್‌ಬುಕ್ಕಿದೆ, ಪ್ರತಿ ಪ್ರದರ್ಶನಕ್ಕೂ ಒಂದು ಸಾಲು. ನಾನು ಯಾವಾಗಲೂ ಎಡಗಡೆ, ಸ್ಪೀಕರಿನ ಪಕ್ಕ ನಿಲ್ಲುತ್ತೇನೆ. ಅಲ್ಲಿ ನಿಂತರೆ ಹಾಡುವ ನೀಲಾಂಬಿಕಾಳ ಮುಖ ಕಾಣುತ್ತದೆ, ಹಿಂದಿನವರ ಮಾತು ಕೇಳುವುದಿಲ್ಲ.

ಹಿಂದಿನ ಪ್ರದರ್ಶನ ಮುಗಿದ ಮೇಲೆ ಅವಳು ಕೇಬಲ್ ಸುತ್ತುತ್ತ ನನ್ನ ಹತ್ತಿರ ಬಂದಿದ್ದಳು.

"ಹಬ್ಬಕ್ಕೆ ಬರ್ತೀರಲ್ವಾ?"

"ಟಿಕೆಟ್ ತಗೊಂಡಾಯ್ತು."

"ಎಡಗಡೆನೇ ನಿಂತ್ಕೊಳ್ಳಿ. ಅಷ್ಟೊಂದು ಜನರ ಮುಂದೆ ನಾನು ಹಾಡೇ ಇಲ್ಲ. ಕೈಕಾಲು ನಡುಗಿದ್ರೆ ನಿಮ್ಮನ್ನ ನೋಡ್ಕೊಂಡು ಹಾಡ್ತೀನಿ."

ಇಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನಿಂತ್ಕೋತೀನಿ ಅಂದೆ.

ಭಾನುವಾರ ಬೆಳಿಗ್ಗೆ ಲಕ್ಷ್ಮಣಪ್ಪ ಬಾಗಿಲಲ್ಲಿ ನನ್ನ ಕೈ ಹಿಡಿದರು.

"ಇದ್ಯಾವ ದೇವ್ರುದಮ್ಮ ಮಂಜುಶ್ರೀ?"

"ದೇವ್ರುದಲ್ಲ ಸಾರ್, ಸಂಗೀತದ್ದು. ಇವತ್ತು ಸಂಜೆವರೆಗೂ ಇರ್ಬೇಕು."

"ದೇವ್ರುದ್ನೇ ಬುಡಾಕಿಲ್ಲ, ಸಂಗೀತದ್ದು ಬುಟ್ಟೇನಾ?" ಕತ್ತರಿ ತೆಗೆದರು.

"ಇವತ್ತೊಂದು ದಿನ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಹಾಕಿ ಸಾರ್."

"ನಾಳೆ ಬೆಳಿಗ್ಗೆ ಲಾರಿ ಬತ್ತದೆ, ಇನ್ನೂ ಆರ್ನೂರು ಪೀಸಿಗೆ ತೂತಿಲ್ಲ. ಸಿದ್ದರಾಜುನ ಮಷೀನ್ ಮುಂದೆ ನಿಲ್ಸಿದ್ರೆ ಡ್ರಿಲ್ಲು ಉಳ್ದೀತಾ?"

ಸಿದ್ದರಾಜು ನಮ್ಮ ಇನ್‌ಸ್ಪೆಕ್ಟರ್, ಅಳತೆ ನೋಡುವವನು. ಒಳಗಿನಿಂದಲೇ ಕೂಗಿದ: "ಒಣ ಕಸ ನೋಡೋಕೆ ವೈಟ್‌ಫೀಲ್ಡ್ ತನಕ ಹೋಗ್ಬೇಕಾ ಗುರು? ನಮ್ ಬೀದಿಗೆ ಬಾ, ಟಿಕೆಟ್ ಇಲ್ದೇನೆ ತೋರಿಸ್ತೀನಿ."

ನಾನು ಲಕ್ಷ್ಮಣಪ್ಪನವರಿಗೆ ಹತ್ತು ನಿಮಿಷ ಕೊಡಿ ಅಂದೆ. ಕತ್ತರಿಸದೆ ಬಿಚ್ಚುತ್ತೇನೆ, ಬಿಚ್ಚಲಾಗದಿದ್ದರೆ ನೀವೇ ಕತ್ತರಿಸಿ. ಅವರು ಗಡಿಯಾರ ನೋಡಿ ಕತ್ತರಿಯನ್ನು ಜೇಬಿಗೆ ಹಾಕಿಕೊಂಡರು.

ಆ ಮಣಿ ಒಂದೇ ದಿಕ್ಕಿಗೆ ಜಾರುವಂಥದ್ದು. ಒಳಗೆ ಎಲ್ಲೋ ಹಲ್ಲು ಇರಬೇಕು, ಬಟ್ಟೆಯನ್ನು ಕಚ್ಚಿ ಹಿಡಿಯಲು. ಸಿದ್ದರಾಜುವಿನ ಮೇಜಿನ ಮೇಲೆ ಫೀಲರ್ ಗೇಜ್ ಇತ್ತು. ಸಂದಿ ಎಷ್ಟಿದೆ ಎಂದು ಅಳೆಯುವ ತೆಳುವಾದ ಉಕ್ಕಿನ ಎಲೆಗಳ ಕಟ್ಟು. ಪಾಯಿಂಟ್ ಎರಡರ ಎಲೆ ಬಿಡಿಸಿ ಮಣಿಗೂ ಬಟ್ಟೆಗೂ ನಡುವೆ ನಿಧಾನ ತೂರಿಸಿದೆ. ಹೋಗಲಿಲ್ಲ. ಅದಕ್ಕಿಂತ ತೆಳುವಾದ ಪಾಯಿಂಟ್ ಒಂದೂವರೆಯದು ಹೋಯಿತು. ಹಲ್ಲುಗಳು ಉಕ್ಕಿನ ಮೇಲೆ ಏರಿದವು, ಬಟ್ಟೆ ಸಡಿಲವಾಯಿತು. ಎಳೆದೆ. ಪಟ್ಟಿ ಅಖಂಡವಾಗಿ ಕೈಯಿಂದ ಹೊರಬಂತು.

"ಅಬ್ಬಾ, ಟೂಲ್ ರೂಮಿನ ಕೆಲಸಕ್ಕೆ ಅರ್ಜಿ ಹಾಕು" ಅಂದ ಸಿದ್ದರಾಜು. ಅವನಿಗೆ ಹೆಮ್ಮೆಯಿಂದ ತೋರಿಸುತ್ತಿದ್ದೆ. ಮಣಿಯನ್ನು ಕೈಯಲ್ಲಿ ತಿರುಗಿಸುವಾಗ ಉಗುರಿಗೆ ಒಳಗಡೆ ಎರಡು ಚೂಪು ತಾಗಿದವು.

ಆರು ವರ್ಷದಿಂದ ನನ್ನ ಕೈ ಒಂದೇ ಕೆಲಸ ಕಲಿತಿದೆ. ತೂತು ಕೊರೆದ ಮೇಲೆ ಅಂಚಿನಲ್ಲಿ ಚೂಪು ಉಳಿಯುತ್ತದೆ, ಅದಕ್ಕೆ ಬರ್ ಅನ್ನುತ್ತೇವೆ. ಬರ್ ಇರುವ ಪೀಸು ವಾಪಸು ಬರುತ್ತದೆ. ಆದ್ದರಿಂದ ಟ್ರೇಗೆ ಹಾಕುವ ಮುಂಚೆ ಹೆಬ್ಬೆರಳು ಅಂಚನ್ನು ಸವರುತ್ತದೆ, ಚೂಪು ಸಿಕ್ಕಿದರೆ ಇನ್ನೊಂದು ಕೈ ತಾನಾಗಿ ಅದನ್ನು ಕೆರೆಯುವ ಸ್ಕ್ರೇಪರ್ ಎತ್ತಿಕೊಳ್ಳುತ್ತದೆ. ಮನೆಯಲ್ಲಿ ಸ್ಟೀಲ್ ಲೋಟದ ಅಂಚನ್ನೂ ನಾನು ಹೀಗೇ ಸವರುವುದು. ಸಿದ್ದರಾಜು ಏನೋ ಹೇಳುತ್ತಲೇ ಇದ್ದ, ನಾನು ಹೂಂಗುಡುತ್ತಿದ್ದೆ. ಅವನ ಮಾತು ಮುಗಿಯುವಷ್ಟರಲ್ಲಿ ನನ್ನ ಕೈಯಲ್ಲಿ ಸ್ಕ್ರೇಪರ್ ಇತ್ತು, ಮಣಿಯ ಒಳಗೆಲ್ಲ ನುಣುಪಾಗಿತ್ತು. ಪಟ್ಟಿಯನ್ನು ಊಟದ ಚೀಲದಲ್ಲಿಟ್ಟು ಮಷೀನಿಗೆ ಹೋದೆ.

ಎರಡು ಗಂಟೆಗೆ ಪೀಸುಗಳೆಲ್ಲ ಮುಗಿದಿದ್ದವು. ಕೈ ತೊಳೆದು ಪಟ್ಟಿ ಹಾಕಿಕೊಂಡೆ. ಮಣಿ ಸಲೀಸಾಗಿ ಜಾರಿ ಕೂತಿತು. ನಿನ್ನೆಗಿಂತ ಚೆನ್ನಾಗಿ ಕೂತಿದೆ ಅನ್ನಿಸಿ ಖುಷಿಯಾಯಿತು.

ಪೀಣ್ಯದಿಂದ ಮೆಜೆಸ್ಟಿಕ್, ಅಲ್ಲಿ ಬದಲಾಯಿಸಿ ವೈಟ್‌ಫೀಲ್ಡ್. ಊರಿನ ಈ ತುದಿಯಿಂದ ಆ ತುದಿ. ಕೂರಲು ಜಾಗ ಸಿಕ್ಕಿತು. ಕೊನೆಯ ಸ್ಟೇಷನ್ನಿನಿಂದ ಆಟೋ. ನೀಲಗಿರಿ ತೋಪಿನ ಪಕ್ಕದ ಮೈದಾನ ತಲುಪಿದಾಗ ನಾಲ್ಕೂ ಐದು. ಗೇಟಿನಲ್ಲಿ ಇವತ್ತು ಹುಡುಗಿ ಇರಲಿಲ್ಲ, ಯೂನಿಫಾರ್ಮಿನ ಸೆಕ್ಯುರಿಟಿಯವನಿದ್ದ. ಎದೆಯ ಮೇಲೆ ಮುತ್ತಣ್ಣ ಎಂದು ಬರೆದಿತ್ತು. ಎಲ್ಲರ ಪಟ್ಟಿಗೂ ಒಂದು ಬೆರಳು ಸಿಕ್ಕಿಸಿ ಜಗ್ಗಿ ನೋಡಿ ಒಳಗೆ ಬಿಡುತ್ತಿದ್ದ.

ನನ್ನದನ್ನೂ ಜಗ್ಗಿದ. ಪಟ್ಟಿ ಅವನ ಬೆರಳಿಗೇ ಬಂತು.

ಇಬ್ಬರೂ ಅದನ್ನು ನೋಡಿದೆವು. ನನಗೆ ಆಗಲೇ ಅರ್ಥವಾದದ್ದು. ಆ ಎರಡು ಚೂಪುಗಳೇ ಬೀಗ.

"ಏನಕ್ಕಾರ, ಮತ್ತೊಬ್ರದು ಹಾಕ್ಕೊಂಡು ಬಂದ್ರೇನು?"

"ನನ್ನದೇ ಅಣ್ಣಾ. ಫ್ಯಾಕ್ಟರೀಲಿ ಬಿಚ್ಬೇಕಾಯ್ತು." ಫೋನಿನಲ್ಲಿದ್ದ ಟಿಕೆಟ್ ತೋರಿಸಿದೆ. ಅವನು ಅದಕ್ಕೆ ಸ್ಕ್ಯಾನ್ ಮಾಡುವ ಮಷೀನ್ ಹಿಡಿದ. ಅದು ಕೆಂಪಾಯಿತು.

"ನಿನ್ನೆನ ಸ್ಕ್ಯಾನ್ ಆಗೈತಿ. ಎರಡನೇ ಸಲ ಆಗಂಗಿಲ್ರಿ."

"ಇವತ್ತಿಂದೇ ಇನ್ನೊಂದು ಟಿಕೆಟ್?"

"ಮುಗದಾವು." ಬೋರ್ಡಿನ ಕಡೆ ಕೈ ತೋರಿಸಿದ.

ನಾನು ಅವನಿಗೆ ನನ್ನ ಕೈ ತೋರಿಸಿದೆ. ಉಗುರಿನ ಸಂದಿಯ ಎಣ್ಣೆ ಸೋಪಿಗೆ ಹೋಗುವುದಿಲ್ಲ. ಅವನು ಒಂದು ಗಳಿಗೆ ನೋಡಿದ.

"ನಂಬತೇನ್ರಿ. ಆದ್ರ ಅಲ್ಲಿ ಕ್ಯಾಮೆರಾ ಐತಿ, ನಾ ಬಂದು ಹನ್ನೊಂದ ದಿನ ಆತು. ಬಿಟ್ರ ನನ್ನ ಡ್ಯೂಟಿ ಹೋಗ್ತೈತಿ."

ನೀಲಾಂಬಿಕಾಗೆ ಮೆಸೇಜ್ ಹಾಕಿದೆ. ಅವಳು ನೋಡಲಿಲ್ಲ. ನಾಲ್ಕೂ ಹದಿನೇಳು. ಅವಳ ಫೋನ್ ಎಲ್ಲೋ ಗಿಟಾರ್ ಪೆಟ್ಟಿಗೆಯಲ್ಲಿರುತ್ತದೆ. ಪರದೆಯ ಮೇಲೆ ಮೆಸೇಜ್ ಹಾಗೇ ಇತ್ತು: ಒಳಗೆ ಬರೋಕಾಗ್ತಿಲ್ಲ. ಅದನ್ನು ಅಳಿಸಿದೆ. ಹಾಡಲು ಏರುವ ಮುಂಚೆ ಒಮ್ಮೆ ನೋಡಿಬಿಟ್ಟರೆ ಏನು ಮಾಡುತ್ತಾಳೆ?

ಮುತ್ತಣ್ಣ ಪಟ್ಟಿಯನ್ನು ನನ್ನ ಕೈಗೆ ವಾಪಸು ಕೊಟ್ಟು ಹೇಳಿದ: "ಹಿಂದ ಜನರೇಟರ್ ದಾಟಿ ಹೋಗ್ರಿ. ತಗಡು ಹೊಡದಾರ, ಕಾಣಂಗಿಲ್ಲ. ಕೇಳ್ತೈತಿ."

ಹೋದೆ. ತಗಡಿನ ಬೇಲಿ ನನಗಿಂತ ಎತ್ತರ. ವೇದಿಕೆಯ ಬೆನ್ನು ನನ್ನ ಕಡೆಗಿತ್ತು, ಸ್ಪೀಕರುಗಳೆಲ್ಲ ಆಚೆ ಮುಖ. ಡ್ರಮ್ ಎದೆಗೆ ಬಡಿಯುವಂತೆ ಕೇಳುತ್ತಿತ್ತು, ಬೇಸ್ ತಗಡಿನಲ್ಲಿ ನಡುಗುತ್ತಿತ್ತು. ನೀಲಾಂಬಿಕಾಳ ದನಿ ಮಾತ್ರ ಕಂಬಳಿಯೊಳಗಿಂದ ಬಂದ ಹಾಗೆ. ಮೊದಲ ಹಾಡು ಎಂದಿಗಿಂತ ವೇಗವಾಗಿತ್ತು. ಹೆದರಿದ್ದಾಳೆ ಅಂದುಕೊಂಡೆ. ಅಂಗೈಯನ್ನು ತಗಡಿಗೆ ಒತ್ತಿ ನಿಂತೆ. ಅದರಿಂದ ಅವಳಿಗೇನೂ ಉಪಯೋಗವಿರಲಿಲ್ಲ. ಎರಡನೆಯದರ ನಡುವೆ ವೇಗ ಇಳಿಯಿತು. ಮೂರನೆಯದು ಸರಿಯಾಗಿತ್ತು.

ಕೊನೆಯದು ಯಾವಾಗಲೂ 'ಎಂಟನೇ ಮೈಲಿ'. ತುಮಕೂರು ರಸ್ತೆಯ ಬಸ್ಸಿನ ಹಾಡು. ಬೇಕರಿಯ ಮಹಡಿಯ ಮೇಲೆ ಅದರ ಪಲ್ಲವಿಗೆ ದನಿ ಸೇರಿಸಿದವಳು ನಾನೊಬ್ಬಳೇ. ಈಗ ಪಲ್ಲವಿ ಬರುವ ಹೊತ್ತಿಗೆ ವಾದ್ಯಗಳೆಲ್ಲ ನಿಂತವು. ಅವಳ ದನಿಯೂ ಇಲ್ಲ. ಏನಾಯಿತು ಎಂದು ನಾನು ಕಿವಿ ತಗಡಿಗೆ ಹಚ್ಚಿದೆ.

ಆಗ ಜನ ಹಾಡಿದರು. ಎಂಟನೇ ಮೈಲಿಯಲ್ಲಿ ನಿಲ್ಸು, ನಾನು ಇಳೀತೀನಿ. ಸ್ಪೀಕರು ಆಚೆ ಮುಖ ಮಾಡಿದ್ದರೂ ಜನರ ಮುಖ ನನ್ನ ಕಡೆಗಿತ್ತಲ್ಲ. ಒಂದೊಂದು ಪದವೂ ಬೇಲಿ ದಾಟಿ ಬಂತು. ಎಷ್ಟು ಜನವೋ ಗೊತ್ತಿಲ್ಲ, ಸಾವಿರ ಇರಬಹುದು. ಈ ಸದ್ದು ಅವಳಿಗೆ ವೇದಿಕೆಯಿಂದ ಹೀಗೇ ಕೇಳುತ್ತದೆ. ಇಪ್ಪತ್ತೆರಡು ಸಲ ನಾನು ಅದರ ಒಳಗಿದ್ದೆ, ಎದುರಿಗೆ ನಿಂತು ಕೇಳಿರಲಿಲ್ಲ. ನಾನು ಹಾಡಲಿಲ್ಲ, ಕೇಳಿದೆ.

ಏಳು ಗಂಟೆಗೆ, ವಾಪಸು ಮೆಟ್ರೋದಲ್ಲಿ, ನೀಲಾಂಬಿಕಾಳ ಮೆಸೇಜ್ ಬಂತು. "ಮೊದಲ ಹಾಡಲ್ಲಿ ಸತ್ತೇ ಹೋದೆ ಅನ್ಕೊಂಡೆ. ಆಮೇಲೆ ಎಡಗಡೆ ನೋಡ್ದೆ, ನೀವಿದ್ರಿ, ನೀಲಿ ಅಂಗಿ. ಕನ್ನಡಕ ಹಾಕಿರ್ಲಿಲ್ಲ, ಆದ್ರೂ ಗೊತ್ತಾಯ್ತು. ಥ್ಯಾಂಕ್ಸ್."

ನಾನು ಹಾಕಿದ್ದು ಹಸಿರು. ಯಾರೋ ನೀಲಿ ಅಂಗಿಯವಳು ಸ್ಪೀಕರಿನ ಪಕ್ಕ ನಿಂತಿದ್ದಳು, ತಾನೇನು ಮಾಡಿದೆ ಎಂದು ಗೊತ್ತಿಲ್ಲದೆ ಮನೆಗೆ ಹೋಗಿರುತ್ತಾಳೆ. ಎರಡು ಸ್ಟೇಷನ್ ಯೋಚಿಸಿದೆ. "ಪಲ್ಲವಿ ಜನರಿಗೆ ಬಿಟ್ಟಿದ್ದು ಒಳ್ಳೇದಾಯ್ತು" ಎಂದು ಬರೆದು ಕಳಿಸಿದೆ. ನೋಟ್‌ಬುಕ್ಕಿನಲ್ಲಿ ಇಪ್ಪತ್ತಮೂರು ಎಂದು ಬರೆದು, ಮುಂದೆ 'ಹೊರಗಿನಿಂದ' ಎಂದು ಸೇರಿಸಿದೆ.

ಸೋಮವಾರ ಲಕ್ಷ್ಮಣಪ್ಪ ಕೈ ನೋಡಿದರು, ಖಾಲಿ ಇತ್ತು. ಚೀಲದಿಂದ ಪಟ್ಟಿ ತೆಗೆದು ಕೊಟ್ಟೆ.

"ಆಯ್ತಾ ನಿನ್ ಸಂಗೀತ?"

"ಆಯ್ತು ಸಾರ್. ಇದನ್ನೂ ಮರಕ್ಕೆ ಕಟ್ಟಿಬಿಡಿ."

ಅವರು ಮಣಿಯನ್ನು ಅಭ್ಯಾಸದಂತೆ ತಿರುಗಿಸಿ, ತೂತಿನ ಅಂಚನ್ನು ಉಗುರಿನಿಂದ ಸವರಿದರು. ಇನ್ನೊಮ್ಮೆ ಸವರಿದರು.

"ಬರ್ ಚೆನ್ನಾಗಿ ತೆಗ್ದಿದ್ದೀಯ" ಅಂದರು. ಆಮೇಲೆ ಮಣಿ ನಿಲ್ಲುತ್ತಿಲ್ಲ ಎಂದು ಕಂಡು, ಪಟ್ಟಿಗೆ ಎರಡು ಗಂಟು ಹಾಕಿ ಕೊಂಬೆಗೆ ಬಿಗಿದರು.