ಮೇಡಂ ಕಣ್ಣಾರೆ ಕಂಡದ್ದು

"ಹೆತ್ತವ್ಳ ಕುಂಡೆ ತೊಳೆಯೋಕೂ ಸರ್ಕಾರ ಸಂಬಳ ಕೊಡ್ಬೇಕೇನಮ್ಮ? ನಾಚ್ಕೆ ಆಗಲ್ವಾ ನಿಂಗೆ?"

ಕೌಂಟಿ ಎಂಬ ಜಿಲ್ಲಾ ಸರ್ಕಾರದ ಕಚೇರಿಯ ಮೇಜಿನಾಚೆಯಿಂದ ಬರ್ರಗಾನ್ ಮೇಡಂ ಎಲ್ಲರಿಗೂ ಕೇಳುವಂತೆಯೇ ಕೇಳಿದಳು. ಸೆನೈದಾ ಗಾಲಿಕುರ್ಚಿಯ ಹಿಡಿ ಬಿಡಲಿಲ್ಲ. ಕುರ್ಚಿಯಲ್ಲಿ ಅವಳ ತಾಯಿ ಹೆರ್ಮಿನಿಯಾ. ಲಕ್ವ ಹೊಡೆದು ಮುದುಕಿಯ ಬಲಗೈ, ಬಲಗಾಲು ಬಿದ್ದುಹೋಗಿದ್ದವು.

ತಾಯಿಯನ್ನು ನೋಡಿಕೊಳ್ಳುವವಳು ಇವಳೇ ಎಂದು ಕೌಂಟಿ ಒಪ್ಪಿ ಸಂಬಳ ಕೊಟ್ಟರೆ ಸೆನೈದಾ ಸ್ಟ್ರಾಬೆರಿ ಹೊಲ ಬಿಟ್ಟು ಮನೆಯಲ್ಲಿ ಉಳಿಯಬಹುದಿತ್ತು. ಒಪ್ಪದಿದ್ದರೆ ಈಗಿನ ಹಾಗೆಯೇ, ಬೀಳದಂತೆ ಮುದುಕಿಯನ್ನು ಶಾಲಿನಿಂದ ಕುರ್ಚಿಗೆ ಕಟ್ಟಿ, ಬೀಗ ಹಾಕಿಕೊಂಡು ಹೋಗಬೇಕು. ರಜೆ ಕೇಳಿದರೆ ಮೇಸ್ತ್ರಿ, ಮುದ್ಕೀನೂ ಹಣ್ಣಿನ ಡಬ್ಬಿಗೆ ತುಂಬ್ಕೊಂಡು ಬಾ ಎಂದು ನಕ್ಕಿದ್ದ.

ಪರೀಕ್ಷೆಗೆಂದು ಮೇಡಂ ಮನೆಗೆ ಬಂದಿದ್ದಳು. ಕೆಟ್ಟದ್ದು ಅಲ್ಲಿಯೇ. ಗಡಿಯಾಚೆಯ ಓಹಾಕಾ ಬೆಟ್ಟದಿಂದ ಬಂದ ಹೆಂಗಸು ಮನೆಗೆ ಬಂದವರೆದುರು ಮಲಗಿರುವುದುಂಟೆ? ಹೆರ್ಮಿನಿಯಾ ಅಂದು ಮಗಳಿಂದ ಜಡೆಗೆ ರಿಬ್ಬನ್ ಕಟ್ಟಿಸಿಕೊಂಡು, ಡಯಪರ್ ಕಾಣದಂತೆ ಲಂಗದ ಮೇಲೆ ಲಂಗ ಉಡಿಸಿಕೊಂಡು ಕೂತಿದ್ದಳು. ಮಗಳು ಸುಟ್ಟ ಟೊರ್ಟಿಯಾ ರೊಟ್ಟಿಯನ್ನು ತಾನೇ ಸುಟ್ಟೆ ಎಂದಳು. ನಡೀತೀರಾ ಎಂದರೆ ಹೂಂ. ಸ್ನಾನ ನೀವೇ ಮಾಡ್ತೀರಾ ಎಂದರೆ ಅದಕ್ಕೂ ಹೂಂ. ಮೇಡಂ ರೊಟ್ಟಿ ತಿಂದು, ಹೊಗಳಿ, ಎಲ್ಲ ಬರೆದುಕೊಂಡು ಹೋಗಿದ್ದಳು.

"ಮರ್ವಾದೆಗೆ ಅಂಗಂದ್ಲು ಮೇಡಂ. ನಮ್ಮವ್ವಂಗೆ ಏಳಕ್ಕೂ ಆಗಕಿಲ್ಲ."

"ನಾನು ಕಣ್ಣಾರೆ ಕಂಡಿದೀನಿ, ಕಿವಿಯಾರೆ ಕೇಳಿದೀನಿ. ಬೆಟ್ಟ ಇಳಿದು ಬಂದ್ಬಿಡ್ತೀರಾ, ಬಿಟ್ಟಿ ಅಂದ್ರೆ ಬಾಯ್ ಬಿಡ್ತೀರಾ. ನಡಿ, ಹಿಂದಿನವ್ರು ಬರ್ಲಿ."

ಅಷ್ಟರಲ್ಲಿ ಮುದುಕಿಯ ಕುರ್ಚಿಯಿಂದ ವಾಸನೆ ಎದ್ದಿತು. ಮೇಡಂ ಮೂಗಿಗೆ ಕೈಯಿಟ್ಟು, ಮೊದಲು ಇದನ್ನ ಆಚೆ ಹಾಕು ಎಂದಳು.

ಸೆನೈದಾ ಕುರ್ಚಿ ತಿರುಗಿಸಹೋದಳು. ಅದು ಹೊರಳಲಿಲ್ಲ. ಹೆರ್ಮಿನಿಯಾ ಎಡಗಾಲನ್ನು ನೆಲಕ್ಕೆ ಒತ್ತಿ ಹಿಡಿದಿದ್ದಳು.

"ಇಲ್ಲೇ ಬಿಚ್ಚೇ," ಎಂದಳು, ಸೊಟ್ಟ ಬಾಯಿಂದ.

"ಜನ ಅವ್ರೆ ಕಣವ್ವ."

"ಇರ್ಲಿ. ನಾನು ಸುಳ್ಳಾಡಿದ್ನ ನಂಬಿದ್ಲಲ್ಲ ಈ ಮುಂಡೆ, ದಿಟವ್ನೂ ನೋಡ್ಲಿ."

ಸೆನೈದಾ ಮೇಜಿನ ಮೇಲಿದ್ದ ಮೇಡಂನ ಕಾಫಿ ಲೋಟ, ಫೋನು ಎಲ್ಲವನ್ನೂ ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ತಾಯಿಯನ್ನು ಎತ್ತಿ ಅಲ್ಲಿ ಮಲಗಿಸಿದಳು. ಮೇಡಂ ಕಾವಲಿನವನನ್ನು ಕೂಗಿದಳು. ಅವನು ಬರುವಷ್ಟರಲ್ಲಿ ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು, ಮುದುಕಿಗೆ ಬೆನ್ನು ಮಾಡಿ, ಹೆಗಲಿಗೆ ಹೆಗಲು ಕೊಟ್ಟು ಸುತ್ತ ನಿಂತರು.

ಮೇಡಂ ಕೂತಿದ್ದ ಬದಿಯನ್ನು ಮಾತ್ರ ಯಾರೂ ಮುಚ್ಚಲಿಲ್ಲ.