ಅಪ್ಪನ ಕೋಟಿನ ಜೇಬು

ಟಬೋರಾ ಊರಿನ ಆ ಸಾವಿನ ಮನೆಯ ಅಂಗಳದಲ್ಲಿ ಎಲ್ಲರೂ ಅಳುತ್ತಿದ್ದರೆ ಮ್ವಾಜುಮಾ ಅಜ್ಜಿ ನಗಿಸುತ್ತಿದ್ದಳು. ಅವಳ ಕುಲಕ್ಕೂ ಸತ್ತ ಕಸಾಂಡನ ಕುಲಕ್ಕೂ ಹಿಂದಿನಿಂದ ಬಂದ ತಮಾಷೆಯ ನಂಟು. ಸತ್ತವನ ಬಟ್ಟೆ ತೊಟ್ಟು ಅವನನ್ನೇ ಅಣಕಿಸುವುದು ಅವಳ ಹಕ್ಕು, ಸಿಟ್ಟಾಗದೆ ಕೂರುವುದು ಮನೆಯವರ ಪಾಲಿನ ಕೆಲಸ.

ಮುದುಕ ಕಸಾಂಡನ ಕೋಟು ಹಾಕಿಕೊಂಡು, ಅವನಂತೆಯೇ ಎದೆಯುಬ್ಬಿಸಿ, ಮೂಗಿನಲ್ಲಿ ಮಾತಾಡಿದಳು: "ಸಿಗರೇಟಾ? ನಂಗಾ? ನಾನು ಸೇದೋನಲ್ಲಪ್ಪ! ಸೇದ್ತಿದ್ದೋನು ಸತ್ತು ಎಷ್ಟೋ ಕಾಲ ಆಯ್ತು!"

ಸೇದುವುದನ್ನು ಬಿಟ್ಟಂದಿನಿಂದ ಅವನು ಊರಿಗೆಲ್ಲ ಹೇಳುತ್ತಿದ್ದ ಮಾತೇ ಅದು. ಅಂಗಳವೆಲ್ಲ ನಕ್ಕಿತು.

ಅದೇ ಠೀವಿಯಲ್ಲಿ ಅವಳು ಜೇಬಿಗೆ ಕೈ ಹಾಕಿದಳು. ಕೈಗೆ ಬಂದದ್ದು ಅರ್ಧ ಖಾಲಿಯಾದ ಸಿಗರೇಟು ಪ್ಯಾಕು.

"ಅಯ್ಯಯ್ಯೋ, ಇದ್ಯಾರ್ದೋ?"

ಬೆಳಗಿನ ಚಳಿಗೆ ಆ ಕೋಟು ಹೊದ್ದು ಹಿತ್ತಲಿಗೆ ಹೋಗಿದ್ದವನು ಸತ್ತವನ ಮಗ ಮಿಹಾಯೊ. ತಾನೂ ಬಿಟ್ಟಾಯಿತೆಂದು ಹೆಂಡತಿಗೆ ಆಣೆಯಿಟ್ಟಿದ್ದವನೂ ಅವನೇ. ಅವಳು ಎದುರಿಗೇ ಕೂತಿದ್ದಳು.

"ಅಪ್ಪಂದೇ ಇರ್ಬೇಕು," ಎಂದ.

ನಗು ನಿಂತಿತು. ಅವನ ತಾಯಿ ತಲೆ ತಗ್ಗಿಸಿದಳು. ಅಜ್ಜಿಯ ಮುಖದಲ್ಲಿ ಅಣಕದ ಸುಳಿವೂ ಉಳಿಯಲಿಲ್ಲ. ಪ್ಯಾಕನ್ನು ಜೇಬಿಗೇ ಸೇರಿಸಿ, ಕೋಟು ಬಿಚ್ಚಿ ಅವನ ಹೆಗಲಿಗೆ ಹಾಕಿದಳು. "ಹಾಗಾದ್ರೆ ನೀನೇ ಇಟ್ಕೊಳ್ಳಪ್ಪ. ಅವನ ಜಾಗಕ್ಕೆ ಬರೋನು ನೀನೇ ಅಲ್ವಾ?"

ಮಿಹಾಯೊನ ಕಿವಿ ಸುಡತೊಡಗಿತು. "ಅದು ನಂದು ಅಜ್ಜಿ. ಅಪ್ಪ ಸೇದೋನಲ್ಲ."

'ಇನ್ಮೇಲೆ ನಾನೂ ಅಲ್ಲ' ಎಂದು ಸೇರಿಸುವ ಆಸೆ ಗಂಟಲವರೆಗೆ ಬಂತು. ಹೆಂಡತಿಯ ಮುಖ ಕಂಡು ಹಾಗೆಯೇ ಒಳಗಿಳಿಯಿತು.