ಇಸಬೆಲಜ್ಜಿಯ ಏಳು ವರ್ಷದ ವೈನು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ. ಹದಿನಾಲ್ಕು ತಿಂಗಳ ಹಿಂದೆ ಕುಡಿತವೂ ಜಾಸ್ತಿ ಇತ್ತು. ಕುಡಿತ ಬಿಟ್ಟೆ, ಸಿಟ್ಟು ಉಳಿಯಿತು. "ಎರಡನ್ನೂ ಒಟ್ಟಿಗೇ ಬಿಟ್ರೆ ನಿನ್ನ ಗುರುತು ಹತ್ತೋದು ಹ್ಯಾಗೆ ಮಾರಾಯಾ?" ಎಂದು ಜಲೀಲ್ ನಗುತ್ತಾನೆ. ಶಿರಸಿಯಲ್ಲಿ ನನ್ನ ವೆಲ್ಡಿಂಗ್ ಅಂಗಡಿಯ ಎದುರು ಟೆಂಪೋ ನಿಲ್ಲಿಸುವವನು ಈ ಜಲೀಲ್. ಹುಟ್ಟಿದಾರಭ್ಯ ಒಂದು ಹನಿ ಮುಟ್ಟಿದವನಲ್ಲ. ನಾನು ಚರಂಡಿಯಲ್ಲಿ ಬಿದ್ದಾಗಲೆಲ್ಲ ಅದೇ ಟೆಂಪೋದಲ್ಲಿ ಹೇರಿಕೊಂಡು ಬಂದು ಮನೆ ಮುಟ್ಟಿಸಿದವನು ಅವನೇ. ಹಾಗಾಗಿ ಅವನ ನಗುವನ್ನು ನಾನು ಸಹಿಸಿಕೊಳ್ಳಲೇಬೇಕು.

ನನ್ನ ಹೆಸರು ಇನಾಸ್ ಲೋಪಿಸ್. ಮದುವೆಯಾಗಲಿಲ್ಲ. ಅಣ್ಣ ಕೈತಾನ್ ತೀರಿಕೊಂಡಾಗ ಅವನ ಮಗಳು ಜೆನಿಶಾಗೆ ಏಳು ವರ್ಷ. ಅವಳ ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ಮೇಣದಬತ್ತಿ ಹಿಡಿದು, ಈ ಮಗುವಿಗೆ ನಾನಿದ್ದೇನೆ ಎಂದು ದೇವರೆದುರು ಮಾತು ಕೊಟ್ಟವನು ನಾನು. ಅವಳು ನನ್ನನ್ನು ಬಾಪ್ಪು ಅನ್ನುತ್ತಾಳೆ. ಕೊಂಕಣಿಯಲ್ಲಿ ಚಿಕ್ಕಪ್ಪ ಅಂತ. ಆದರೆ ಕುಡುಕನ ಮಾತಿಗೆ ಬೆಲೆ ಎಲ್ಲಿದೆ? ಅವಳು ಮೊದಲ ಸಲ ಪರಮಪ್ರಸಾದ ತೆಗೆದುಕೊಂಡ ದಿನ, ಬಿಳಿ ಫ್ರಾಕು ಹಾಕಿಕೊಂಡು ಕೇಕ್ ಕತ್ತರಿಸಲು ನಿಂತಿದ್ದಾಗ, ನಾನು ಮೇಜಿನ ಸಮೇತ ಕೇಕಿನ ಮೇಲೆ ಬಿದ್ದೆ! ಅದಕ್ಕೂ ಸ್ವಲ್ಪ ಮುಂಚೆ ತೆಗೆದ ಫೋಟೋ ಒಂದಿದೆ. ಅದರಲ್ಲಿ ಅತ್ತಿಗೆ ಲುವಿಜಾ ಕತ್ತರಿ ಹಿಡಿದು ನನ್ನನ್ನು ಕತ್ತರಿಸಿ ಹಾಕಿದ್ದಾಳೆ. ಮಗುವಿನ ಭುಜದ ಮೇಲಿದ್ದ ನನ್ನ ಕೈಯೊಂದು ಮಾತ್ರ ಉಳಿದಿದೆ, ಯಾರದೋ ಕೈಯ ಹಾಗೆ.

ಆ ಜೆನಿಶಾ ಬೆಳೆದು ದೊಡ್ಡವಳಾಗಿ, ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದಳು. ನನ್ನ ಬಾಯಿ ಆಗಲೇ ವಾಸನೆ ಹೊಡೆಯುತ್ತಿತ್ತು. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ.

"ಬಾಪ್ಪು, ನನ್ನ ಮದುವೆಯಲ್ಲಿ ಟೋಸ್ಟ್ ನೀನೇ ಎತ್ತಬೇಕು. ಅಪ್ಪ ಇದ್ದಿದ್ರೂ ನಿನಗೇ ಹೇಳ್ತಿದ್ದ. ಆದ್ರೆ ಕುಡಿದಿದ್ರೆ ಬೇಡ. ಬರೋದೂ ಬೇಡ."

ಅಷ್ಟೇ ಹೇಳಿ ಹೋದಳು. ನಾನು ವೆಲ್ಡಿಂಗ್ ಮಾಡುತ್ತಿದ್ದ ಗೇಟು ಅರ್ಧಕ್ಕೇ ಬಿಟ್ಟು, ಸೀದಾ ಇಗರ್ಜಿಗೆ ಹೋಗಿ ಫಾದರ್ ಮುಂದೆ ಕುಳಿತು ಹೋ ಎಂದು ಅತ್ತೆ. "ಸಾಯೋ ತನಕ ಮುಟ್ಟೋದಿಲ್ಲ, ಆಣೆ ಹಾಕಿಸ್ಕೊಳ್ಳಿ ಫಾದರ್" ಎಂದೆ.

"ಬೇಡ ಇನಾಸ್," ಎಂದರು ಫಾದರ್. "ನಿನ್ನ ಆಣೆ ಊರಿಗೆಲ್ಲ ಗೊತ್ತು. ಪ್ರಾರ್ಥನೆಯಲ್ಲಿ ನಾವು ದೇವರ ಹತ್ರ ರೊಟ್ಟಿ ಕೇಳೋದು ಎಷ್ಟು ದಿನದ್ದು? ಇವತ್ತಿಂದು ಮಾತ್ರ. ಬಲಾನೂ ಹಾಗೇ ಕೇಳು. ಮತ್ತೊಂದು ಮಾತು ನೆನಪಿಟ್ಕೋ. ಶೋಧನೆ, ಅಂದ್ರೆ ಪಾಪದ ಸೆಳೆತ, ಬರೋ ಕಡೆ ಹೊರಗೆ ಹೋಗೋ ಬಾಗಿಲನ್ನೂ ದೇವರು ಇಟ್ಟಿರ್ತಾನೆ. ನೀನು ಕಣ್ಣು ಬಿಟ್ಟು ಹುಡುಕಬೇಕು, ಅಷ್ಟೇ."

ಅವತ್ತಿನಿಂದ ದಿನಾ ಬೆಳಿಗ್ಗೆ ಮಷಿನ್ ಚಾಲೂ ಮಾಡುವ ಮೊದಲು ಶಿಲುಬೆಯ ಗುರುತು ಹಾಕಿಕೊಂಡು, "ಯೇಸುವೇ, ಇವತ್ತೊಂದು ದಿನ" ಎಂದು ಕೇಳುತ್ತೇನೆ. ನಾಳೆಯದ್ದು ಕೇಳಿದವನೇ ಅಲ್ಲ. ನನ್ನ ಹಣೆಬರಹ ನನಗೆ ಗೊತ್ತು. ಹಿಂದೊಮ್ಮೆ ಬಿಟ್ಟಿದ್ದವನು ಪಾಸ್ಕ ಹಬ್ಬದ ದಿನ, ಅಂದರೆ ಈಸ್ಟರಿಗೆ, ಅರ್ಧ ಗ್ಲಾಸ್ ಸಾಕು ಎಂದು ಕುಳಿತೆ. ಎಚ್ಚರವಾದದ್ದು ಮೂರನೇ ದಿನ, ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ, ಒಂದೇ ಚಪ್ಪಲಿಯಲ್ಲಿ. ನನಗೆ ಒಂದು ಗುಟುಕು ಎಂಬುದೇ ಇಲ್ಲ.

ಈ ಮೇ ತಿಂಗಳಲ್ಲಿ ಮದುವೆ ಬಂದೇ ಬಂತು! ಹುಡುಗ ಅನ್ಸಿಲ್, ಯಲ್ಲಾಪುರದವನು, ಚಿನ್ನದಂಥವನು. ನಮ್ಮವರ ಮದುವೆಯಲ್ಲಿ ಊಟಕ್ಕಿಂತ ಮೊದಲು ಮನೆಯ ಹಿರಿಯನೊಬ್ಬ ಮೈಕಿನ ಮುಂದೆ ನಿಂತು ಮದುಮಕ್ಕಳ ಬಗ್ಗೆ ನಾಲ್ಕು ಮಾತಾಡಿ, ವೈನಿನ ಗ್ಲಾಸ್ ಎತ್ತಬೇಕು. ಸಭೆಯೆಲ್ಲ ಎದ್ದು ಹಾಡಬೇಕು, ಎಲ್ಲರೂ ಕುಡಿಯಬೇಕು. ಇದೇ ಟೋಸ್ಟ್. ಇದಿಲ್ಲದೆ ಮದುವೆ ಮದುವೆಯೇ ಅಲ್ಲ.

ಲುವಿಜಾ ಅತ್ತಿಗೆ ಬೇಡವೇ ಬೇಡ ಎಂದಳು. "ಬೆಕ್ಕಿನ ಕೈಗೆ ಹಾಲು ಕೊಡೋದಾ? ಗಂಡಿನ ಕಡೆಯವರಿಗೆ ಇವನ ಕತೆ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಮರ್ಯಾದೆ ಏನಾಗಬೇಕು?" ಜೆನಿಶಾ ಹಟ ಬಿಡಲಿಲ್ಲ. ಕೊನೆಗೆ ಅತ್ತಿಗೆಯೇ ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಉಪಾಯ ಹೂಡಿದಳು. ಹೆಗ್ಗರಣೆಯ ದ್ಯಾವಮ್ಮ ಮಾಡುವ ಮುರುಗಲು ಹಣ್ಣಿನ ಶರಬತ್ತು ವೈನಿನಷ್ಟೇ ಕೆಂಪು. ನನ್ನ ಗ್ಲಾಸಿಗೆ ಅದನ್ನೇ ಹಾಕಿ, ಗ್ಲಾಸಿನ ಕಾಲಿಗೆ ಬಿಳಿ ದಾರ ಕಟ್ಟುವುದು. ಯಾರಿಗೆ ಗೊತ್ತಾಗಬೇಕು? ಮಕ್ಕಳಿಗೂ ಆಯಿತೆಂದು ಜಲೀಲ್ ಟೆಂಪೋದಲ್ಲಿ ಎರಡು ಕ್ಯಾನು ತಂದ.

ಮದುವೆಯ ದಿನ ಬೆಳಿಗ್ಗೆ ಜೆನಿಶಾ ನನ್ನ ತೋಳು ಹಿಡಿದು ಇಗರ್ಜಿಯೊಳಗೆ ನಡೆದಳು. ಅಬ್ಬಾ! ನನ್ನ ಎದೆ ಡವಡವ ಎನ್ನುತ್ತಿದ್ದುದು ವಾದ್ಯದವರಿಗೂ ಕೇಳಿಸಿರಬೇಕು. ಪೂಜೆ ಮುಗಿಯಿತು, ಉಂಗುರ ಆಯಿತು, ಹೊರಗೆ ಬಂದರೆ ಹೂವು, ಚಪ್ಪಾಳೆ, ಬ್ಯಾಂಡು! ಮಧ್ಯಾಹ್ನ ಒಂದು ಗಂಟೆಗೆ ಸಭಾಂಗಣದಲ್ಲಿ ಮುನ್ನೂರು ಜನ. ನನ್ನ ಹೆಸರು ಕೂಗಿದರು. ಹೊಸ ಕೋಟು, ಜೇಬಿನಲ್ಲಿ ಬರೆದಿಟ್ಟ ಭಾಷಣ. ವೇದಿಕೆ ಹತ್ತಿ ಮೈಕಿನ ಮುಂದೆ ನಿಂತೆ.

ಗ್ಲಾಸು ತಂದುಕೊಟ್ಟದ್ದು ಅತ್ತಿಗೆಯಲ್ಲ. ಅನ್ಸಿಲನ ಅಜ್ಜಿ ಇಸಬೆಲಜ್ಜಿ. ಎಂಬತ್ತು ದಾಟಿದವರು, ಕಿವಿಯ ತುಂಬ ಬಂಗಾರ, ಮುಖದ ತುಂಬ ನಗು. ಗ್ಲಾಸಿನ ಕಾಲಲ್ಲಿ ಬಿಳಿ ದಾರ ಇತ್ತು. ಕೈಗಿಡುತ್ತ ಅಜ್ಜಿ ಪಿಸುಗುಟ್ಟಿದರು.

"ನೋಡ್ರಿ, ಯಾವ ಪುಣ್ಯಾತ್ಮರೋ ನಿಮ್ಮ ಗ್ಲಾಸಿಗೆ ಶರಬತ್ತು ಹಾಕಿಟ್ಟಿದ್ರು! ಟೋಸ್ಟ್ ಎತ್ತೋ ಹಿರೇರಿಗೆ ಶರಬತ್ತಾ? ನನ್ನ ಮೊಮ್ಮಗನ ಮದುವಿಯೊಳಗ ಇಂಥ ಅವಮಾನ ಆಗಬಾರದು ಅಂತ ನಾನs ಚೆಲ್ಲಿ, ನಮ್ಮ ಮನಿ ವೈನ್ ಹಾಕೇನಿ. ಏಳು ವರ್ಷದ್ದು. ನಿಮಗಂತನs ಭರಣಿ ಒಡದೇನಿ, ಹಿಡೀರಿ."

ಹಾಗೆಂದು ಹೋಗಿ ಮೊದಲ ಸಾಲಿನಲ್ಲಿ ಕುಳಿತು, ನನ್ನನ್ನೇ ನೋಡತೊಡಗಿದರು.

ಅಯ್ಯೋ ದೇವರೇ! ಆ ವಾಸನೆ! ಹದಿನಾಲ್ಕು ತಿಂಗಳು ನನ್ನ ಮೂಗಿನ ಹತ್ತಿರ ಸುಳಿಯದಿದ್ದದ್ದು ಒಂದೇ ಸಲಕ್ಕೆ ತಲೆಯವರೆಗೆ ಏರಿತು. ನಾಲಿಗೆಯಲ್ಲಿ ನೀರೂರಿತು. ಕೈ ನಡುಗಲಿಲ್ಲ, ಅದೇ ಹೆದರಿಕೆ. ಕುಡಿಯುವಾಗ ನನ್ನ ಕೈ ಯಾವತ್ತೂ ನಡುಗುತ್ತಿರಲಿಲ್ಲ.

ನಾನು ಭಾಷಣ ಶುರು ಮಾಡಿದೆ. ಬಾಯಿ ಏನೋ ಹೇಳುತ್ತಿತ್ತು, ಜೆನಿಶಾ ಚಿಕ್ಕವಳಿದ್ದಾಗ ಹಾಗೆ, ಹೀಗೆ. ಒಳಗೆ ಬೇರೆಯೇ ಮಾತು ನಡೆದಿತ್ತು. ಕುಡಿ ಇನಾಸ್, ನೀನು ಕೇಳಿದ್ದಾ? ಇಲ್ಲ. ಯಾರಿಗಾದರೂ ಗೊತ್ತಾಗುತ್ತದಾ? ಇಲ್ಲ. ಅತ್ತಿಗೆ ಶರಬತ್ತು ಅಂದುಕೊಳ್ಳುತ್ತಾಳೆ, ಅಜ್ಜಿ ವೈನು ಅಂದುಕೊಳ್ಳುತ್ತಾರೆ, ಇಬ್ಬರಿಗೂ ಸಂತೋಷ. ನಾಳೆ ಗೊತ್ತಾದರೂ ತಪ್ಪು ಮುದುಕಿಯದ್ದು, ನಿನ್ನದಲ್ಲ. ಇಷ್ಟು ಸಲೀಸಾಗಿ ಸೈತಾನ ನನ್ನ ಜತೆ ಯಾವತ್ತೂ ಮಾತಾಡಿರಲಿಲ್ಲ. ಹಿಂದೆಲ್ಲ ಗೆಳೆಯರ ರೂಪದಲ್ಲಿ ಬರುತ್ತಿದ್ದ, ಇವತ್ತು ಮರ್ಯಾದೆಯ ರೂಪದಲ್ಲಿ ಬಂದಿದ್ದ.

ಕುಡಿಯದಿದ್ದರೆ? ತುಟಿಗೆ ತಾಗಿಸಿ ಕೆಳಗಿಡಬಹುದು. ಆದರೆ ತುಟಿಗೆ ತಾಗಿದ್ದನ್ನು ನಾನು ಕೆಳಗಿಟ್ಟದ್ದು ಈ ಜನ್ಮದಲ್ಲಿ ಇಲ್ಲ. ಕುಡಿದರೆ ಜೆನಿಶಾ ಹೋದಳು. ನಾಳೆಯಲ್ಲ, ಇವತ್ತೇ ಸಂಜೆಯೊಳಗೆ, ಗಂಡನ ಮನೆಯವರ ಎದುರೇ, ಮತ್ತೊಂದು ಕೇಕಿನ ಮೇಲೆ ನಾನು ಬೀಳುತ್ತಿದ್ದೆ.

ಭಾಷಣ ಮುಗಿಯುತ್ತ ಬಂತು. ಮುನ್ನೂರು ಜನ ಎದ್ದು ನಿಂತರು. ಮುನ್ನೂರು ಗ್ಲಾಸು ಮೇಲೆದ್ದವು. ಬ್ಯಾಂಡಿನವನು ತುತ್ತೂರಿಯನ್ನು ಬಾಯಿಗಿಟ್ಟುಕೊಂಡು ನನ್ನ ಸನ್ನೆಗೆ ಕಾಯುತ್ತಿದ್ದ. ನನ್ನ ಗ್ಲಾಸು ಗಲ್ಲದ ತನಕ ಬಂದಿತ್ತು.

ಯೇಸುವೇ, ಇವತ್ತೊಂದು ದಿನ, ಎಂದೆ ಮನಸ್ಸಿನಲ್ಲಿ. ದಿನವೂ ಬೇಡ, ಇದೊಂದು ನಿಮಿಷ! ಬಾಗಿಲು ಇಟ್ಟಿದ್ದೀಯಂತೆ, ಎಲ್ಲಿದೆ ತೋರಿಸು! ಹುಚ್ಚನ ಹಾಗೆ ನಿಜವಾಗಿಯೂ ಸಭಾಂಗಣದ ಬಾಗಿಲುಗಳ ಕಡೆ ನೋಡಿದೆ. ಒಂದರಲ್ಲಿ ಬ್ಯಾಂಡಿನವರು, ಇನ್ನೊಂದರಲ್ಲಿ ಬಿರಿಯಾನಿಯ ಪಾತ್ರೆ. ಓಡಲು ಜಾಗವಿಲ್ಲ. ಕಣ್ಣು ತಿರುಗಿಸಿ ಮುಂದೆ ನೋಡಿದರೆ, ಗಲ್ಲಕ್ಕೆ ಒಂದು ಗೇಣು ದೂರದಲ್ಲಿ ಮೈಕು.

ಥತ್! ಇಷ್ಟು ಹೊತ್ತು ಅದರ ಮುಂದೆಯೇ ನಿಂತಿದ್ದೆ!

"ನಿಲ್ಲಿ!" ಎಂದು ಕೂಗಿದೆ. ಮೈಕು ಕಿಂಯ್ ಎಂದಿತು. "ಈ ಗ್ಲಾಸು ನಾನು ಎತ್ತಲಾರೆ. ನಾನು ಕುಡುಕ. ಹದಿನಾಲ್ಕು ತಿಂಗಳಾಯ್ತು ಮುಟ್ಟಿಲ್ಲ. ಇದು ವೈನು, ಬಹಳ ಒಳ್ಳೆ ವೈನು, ಪ್ರೀತಿಯಿಂದ ಕೊಟ್ಟಿದ್ದು. ಆದ್ರೆ ಒಂದು ಗುಟುಕು ಕುಡಿದ್ರೆ ನಾನು ಹೋದೆ. ಗಂಡಿನ ಕಡೆಯವರಿಗೆ ನಾವು ಹೇಳಿರಲಿಲ್ಲ, ಕ್ಷಮಿಸಿ. ತಪ್ಪು ನನ್ನದು, ಹುಡುಗಿದಲ್ಲ."

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅನ್ಸಿಲನ ತಂದೆ ತಮ್ಮ ಗ್ಲಾಸನ್ನು ಮೇಜಿನ ಮೇಲಿಟ್ಟರು. ಆಯಿತು, ಮದುವೆ ಮುರಿಯಿತು ಎಂದುಕೊಂಡೆ. ಮದುವೆ ಆಗಿಹೋಗಿತ್ತು ಎಂಬುದೂ ನನಗೆ ಆಗ ಹೊಳೆಯಲಿಲ್ಲ.

ಇಸಬೆಲಜ್ಜಿ ಎದ್ದರು. ಕೋಲೂರಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ನನ್ನೆದುರು ಬಂದು ನಿಂತರು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ತಲೆ ತಗ್ಗಿಸಿದೆ.

"ಏನ್ರಿ," ಎಂದರು ಅಜ್ಜಿ, ಮೈಕಿನಲ್ಲೇ. "ಇದನ್ನ ನನ್ನ ಕಿವಿಯೊಳಗ ಹೇಳಿದ್ರ ಆಗ್ತಿರಲಿಲ್ಲೇನು? ಮುನ್ನೂರು ಮಂದಿಗೆ ಡಂಗುರ ಹೊಡೀಬೇಕಿತ್ತಾ?"

"ಕಿವಿಯಲ್ಲಿ ಹೇಳೋಕೆ ಹೋಗಿದ್ರೆ ಅಷ್ಟರಲ್ಲಿ ಕುಡಿದುಬಿಡ್ತಿದ್ದೆ ಅಜ್ಜಿ."

ಅಜ್ಜಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. "ನಮ್ಮ ಮನಿಯವರಿಗೆ ಇಪ್ಪತ್ತೆರಡು ವರ್ಷ ಹೇಳಿದೆ, ಒಮ್ಮೆ ಬ್ಯಾಡ ಅನ್ರಿ, ಒಂದ ಸಲ ಅನ್ರಿ ಅಂತ. ಅವರ ಬಾಯಾಗ ಆ ಮಾತು ಬರಲಿಲ್ಲ, ಹಂಗs ಹೋದ್ರು," ಎಂದರು. ಆಮೇಲೆ ನನ್ನ ಕೈಯಿಂದ ಗ್ಲಾಸು ಕಸಿದುಕೊಂಡು, "ಏಳು ವರ್ಷದ್ದು, ಹಾಳು ಮಾಡೋದ್ಯಾಕ?" ಎಂದು ಒಂದೇ ಗುಟುಕಿಗೆ ತಾವೇ ಏರಿಸಿಬಿಟ್ಟರು!

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆ ಗದ್ದಲದಲ್ಲಿ ಹಿಂದಿನಿಂದ ಒಂದು ಕೂಗು: "ಸರೀರಿ, ಸರೀರಿ, ಜಾಗ ಬಿಡಿ!" ನೋಡಿದರೆ ಜಲೀಲ್! ಶರಬತ್ತಿನ ಕ್ಯಾನನ್ನು ಹೆಗಲ ಮೇಲೆ ಹೊತ್ತು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆಲ್ಲ ಕೆಂಪು ಚೆಲ್ಲಿಕೊಂಡು ಓಡಿ ಬರುತ್ತಿದ್ದ. "ಹದಿನಾಲ್ಕು ತಿಂಗಳು ಕಾದಿದ್ದು ಇದಕ್ಕೇ ಮಾರಾಯಾ, ಹಿಡಿ ಗ್ಲಾಸು!"

ಗ್ಲಾಸು ತೊಳೆದು ತುಂಬಿಸಿದರು. ಜೆನಿಶಾ ತನ್ನ ಗ್ಲಾಸನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಮುರುಗಲಿನ ಹುಳಿ ವಾಸನೆ. "ನಂದೂ ಶರಬತ್ತೇ ಬಾಪ್ಪು. ಅನ್ಸಿಲಂದೂ. ನೋಡೋಕೆ ಬಂದ ಮೊದಲ ದಿನವೇ ಇವರೊಬ್ಬರಿಗೆ ನಿನ್ನ ವಿಷಯ ಎಲ್ಲ ಹೇಳಿದ್ದೆ." ಅನ್ಸಿಲ್ ನಾಚಿಕೊಂಡು ನಕ್ಕ.

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಈ ದಾರ, ಈ ನಾಟಕ ಎಲ್ಲ ಎಂತಕ್ಕೆ ಮಾಡಿಸಿದ್ರಿ?" ಎಂದು ಅರಚಿದೆ. ಅದೂ ಮೈಕಿನಲ್ಲಿ ಹೋಯಿತು. ಅನ್ಸಿಲನ ತಂದೆ ಮೊದಲು ನಕ್ಕರು, ಆಮೇಲೆ ಮೇಜಿನ ಮೇಲಿಟ್ಟಿದ್ದ ತಮ್ಮ ಗ್ಲಾಸನ್ನು ಪಕ್ಕಕ್ಕೆ ಸರಿಸಿ, ಖಾಲಿ ಗ್ಲಾಸೊಂದನ್ನು ಜಲೀಲನತ್ತ ಚಾಚಿದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರೂ ಅಲ್ಲ, ಸುಳ್ಳು ಯಾಕೆ ಹೇಳಲಿ; ಆದರೆ ಕ್ಯಾನು ಖಾಲಿಯಾಯಿತು.

ಗ್ಲಾಸು ಎತ್ತಿದೆ. ಬರೆದಿಟ್ಟ ಮಾತೆಲ್ಲ ಮರೆತುಹೋಗಿತ್ತು. "ಮಕ್ಕಳೇ, ದೇವರು ನಿಮಗೆ ಇವತ್ತಿನ ದಿನ ಕೊಡಲಿ. ನಾಳೆ ಮತ್ತೆ ಕೇಳಿ, ಮತ್ತೆ ಕೊಡ್ತಾನೆ" ಎಂದೆ. ತುತ್ತೂರಿ ಮೊಳಗಿತು. ಮುನ್ನೂರು ಜನ ಹಾಡಿದರು. ಆ ಹುಳಿ ಶರಬತ್ತನ್ನು ತಳ ಕಾಣುವ ತನಕ ಕುಡಿದೆ, ಕಣ್ಣಲ್ಲಿ ಧಾರಾಕಾರ ನೀರು.

ಊಟದ ಮೊದಲು ಫೋಟೋದವನು ಮನೆಯವರನ್ನೆಲ್ಲ ವೇದಿಕೆಗೆ ಕರೆದ. ಅಭ್ಯಾಸಬಲದಿಂದ ನಾನು ತುದಿಗೆ ಹೋಗಿ ನಿಂತೆ. ಕತ್ತರಿಸಿದರೂ ಉಳಿದವರಿಗೆ ತೊಂದರೆಯಾಗಬಾರದಲ್ಲ.

ಅತ್ತಿಗೆ ತಿರುಗಿ ನೋಡಿದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಸಾಲು ಬಿಟ್ಟು ಬಂದು, ನನ್ನ ಕೋಟಿನ ತೋಳು ಹಿಡಿದು ದರದರ ಎಳೆದುಕೊಂಡು ಹೋದಳು.

"ತುದಿಯಲ್ಲಿ ಎಂತ ಮಾಡ್ತೀಯ? ಮಧ್ಯೆ ನಿಂತ್ಕೋ."

ಜೆನಿಶಾ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ನಾನು ಮಧ್ಯೆ ನಿಂತು ಅವಳ ಭುಜದ ಮೇಲೆ ಕೈ ಇಟ್ಟೆ.